ಕಾರವಾರ, ಶಿರಸಿ ಕಡೆ ಗೈಡ್ ಕರ್ಕೊಂಡು ಫುಡ್ ವಾಕ್ ಮಾಡೋದು ಹೇಗೆ: ಮೊದ್ಲು ಜನ ಹುಡ್ಕಿ, ಆಮೇಲೆ ಮೀನು

ಫುಡ್ ವಾಕ್ ಅಂದ್ಕೂಡ್ಲೆ ಬೆಂಗ್ಳೂರಿನವ್ರಿಗೆ ವಿವಿ ಪುರಂ ತಿಂಡಿ ಬೀದಿ ನೆನಪಾಗತ್ತೆ, ಸಂಜೆ ಹೊತ್ತಿಗೆ ಹೋಗಿ ಸಾಲಾಗಿರೋ ಅಂಗ್ಡಿ ಮುಂದೆ ನಿಂತು ಒಂದೊಂದೇ ಪ್ಲೇಟ್ ಮುಗಿಸ್ತಾ ಬರೋದು. ಉತ್ತರ ಕನ್ನಡದಲ್ಲಿ ಆ ಲೆಕ್ಕ ಇಟ್ಕೊಂಡು ಬಂದ್ರೆ ನಿರಾಸೆ ಗ್ಯಾರಂಟಿ. ಕಾರವಾರದಲ್ಲಿ ಊಟದ ಕತೆ ಶುರುವಾಗೋದೇ ಬೆಳಿಗ್ಗೆ ದೋಣಿ ದಡಕ್ಕೆ ಬಂದಾಗ, ಮತ್ತೆ ಶಿರಸಿಯಲ್ಲಿ ಹೇಳಿಕೊಳ್ಳೋವಂಥ ಅಡುಗೆ ಅರ್ಧಕ್ಕರ್ಧ ಮನೆಗಳ ಒಳಗೇ ಇದೆ, ಹೋಟೆಲ್ ಬೋರ್ಡ್ ಓದ್ಕೊಂಡು ಹೋದ್ರೆ ಮಸಾಲೆ ದೋಸೆ, ಗೋಬಿ ಮಂಚೂರಿ ಸಿಗತ್ತೆ ಅಷ್ಟೇ. ಅದಕ್ಕೇ ಇಲ್ಲಿ ಗೈಡ್ ಬೇಕು ಅನ್ನೋದು. ದಾರಿ ತೋರ್ಸೋಕೆ ಗೂಗಲ್ ಮ್ಯಾಪ್ ಸಾಕು, ಬಾಗಿಲು ತೆಗೆಸೋಕೆ ಪರಿಚಯದ ಜನ ಬೇಕು.

ನಾನು ಕೆಳಗೆ ಬರ್ದಿರೋದು ಮುಖ್ಯವಾಗಿ ಕಾರವಾರ ಪೇಟೆಯ ಬೆಳಗಿನ ವಾಕ್ ಬಗ್ಗೆ, ಆಮೇಲೆ ಶಿರಸಿ. ಎರಡನ್ನೂ ಒಂದೇ ದಿನ ಮುಗಿಸ್ತೀನಿ ಅನ್ನೋರು ದಯವಿಟ್ಟು ಬೇಡ ಮಾರಾಯ್ರೆ, ಮಧ್ಯೆ ನೂರು ಕಿಲೋಮೀಟರಿಗಿಂತ ಜಾಸ್ತಿ ದಾರಿ, ಘಟ್ಟ ಬೇರೆ, ಮೀನು ಸಾರು ಹೊಟ್ಟೆಲಿ ಇಟ್ಕೊಂಡು ಆ ತಿರುವು ಹತ್ತೋದು ಎಲ್ಲರಿಗೂ ಆಗಲ್ಲ.

ಮೊದ್ಲು ಗೈಡ್ ವಿಷ್ಯ, ಯಾಕಂದ್ರೆ ಉಳಿದಿದ್ದೆಲ್ಲಾ ಅದ್ರ ಮೇಲೇ ನಿಂತಿದೆ. ದೊಡ್ಡ ಊರುಗಳ ತರ ಟಿಕೆಟ್ ತಗೊಂಡು ಛತ್ರಿ ಹಿಡ್ಕೊಂಡವ್ರ ಹಿಂದೆ ಹೋಗೋ ವ್ಯವಸ್ಥೆ ಇಲ್ಲಿ ಹುಡುಕ್ತಾ ಕೂರ್ಬೇಡಿ. ಹೋಮ್‌ಸ್ಟೇ ಬುಕ್ ಮಾಡುವಾಗ್ಲೇ ಅವ್ರಿಗೆ ಫೋನ್ ಹಾಕಿ, "ಬೆಳಿಗ್ಗೆ ಮೀನು ಮಾರ್ಕೆಟ್ಟಿಂದ ಶುರು ಮಾಡಿ ಮಧ್ಯಾಹ್ನ ಊಟದ ತನಕ ನಮ್ಮ ಜೊತೆ ನಡ್ದು ತಿಂಡಿ ಊಟ ತೋರ್ಸೋರು ಯಾರಾದ್ರೂ ಇದಾರಾ" ಅಂತ ನೇರ ಕೇಳಿ. ಪರಿಚಯದವ್ರ ಪರಿಚಯದವ್ರು ಯಾರಾದ್ರೂ ಕಾರವಾರದವ್ರು ಇದ್ರೆ ಇನ್ನೂ ಒಳ್ಳೇದು. ಸಿಕ್ಕವ್ರನ್ನ ಒಪ್ಕೊಳ್ಳೋ ಮುಂಚೆ ಒಂದೆರಡು ಪ್ರಶ್ನೆ ಕೇಳಿದ್ರೆ ಆಳ ಗೊತ್ತಾಗಿಬಿಡತ್ತೆ. "ನಾಳೆ ಏನೇನು ತಿನ್ನಿಸ್ತೀರಿ" ಅಂತ ಕೇಳಿ ನೋಡಿ. ಪಾಪ್ಲೆಟ್ ಫ್ರೈ, ಇಸ್ವಾಣ ರವಾ ಫ್ರೈ, ಪ್ರಾನ್ಸ್ ಬಿರಿಯಾನಿ ಅಂತ ಪಟ್ಟಿ ಒಪ್ಪಿಸಿದ್ರೆ ಅವ್ರು ನಿಮ್ಮನ್ನ ಹೈವೇ ಪಕ್ಕದ ಎಸಿ ರೆಸ್ಟೋರೆಂಟ್‌ಗೆ ಕರ್ಕೊಂಡು ಹೋಗೋರು. "ನಾಳೆ ಬೆಳಿಗ್ಗೆ ಮಾರ್ಕೆಟ್ಟಿಗೆ ಏನು ಬಂದಿದೆ ನೋಡಿ ಹೇಳ್ತೇನೆ, ಈಗ್ಲೇ ಹೇಗೆ ಹೇಳೋದು" ಅಂದ್ರೆ ಅಂಥವ್ರನ್ನ ಬಿಡ್ಬೇಡಿ.

ಎರಡನೇದು ಭಾಷೆ. ಕಾರವಾರದಲ್ಲಿ ಕನ್ನಡ ಎಲ್ಲರಿಗೂ ಬರತ್ತೆ, ಆದ್ರೆ ಮೀನು ಮಾರ್ಕೆಟ್ಟಿನ ಒಳಗಿನ ಮಾತುಕತೆ ಕೊಂಕಣಿಯಲ್ಲೇ ನಡೆಯೋದು. "ಕಶೆ ದಿಲೆ?" ಅಂತ ಕೇಳೋರಿಗೆ ಒಂದು ರೇಟು, ಕ್ಯಾಮೆರಾ ನೇತಾಕ್ಕೊಂಡು "ಹೌ ಮಚ್" ಅನ್ನೋರಿಗೆ ಇನ್ನೊಂದು ರೇಟು, ಇದು ಎಲ್ಲಾ ಊರಲ್ಲೂ ಇರೋದೇ ಬಿಡಿ. ರೇಟಿಗಿಂತ ಮುಖ್ಯ ಅಂದ್ರೆ ಕೊಂಕಣಿ ಬರೋ ಗೈಡ್ ಇದ್ರೆ ಮೀನು ಮಾರೋ ಹೆಂಗಸ್ರು ಇವತ್ತು ಯಾವ್ದು ನಿನ್ನೆಯ ಮಾಲು, ಯಾವ್ದು ಈಗಷ್ಟೇ ಬೈತಖೋಲ್ ಬಂದರಿಂದ ಬಂದಿದ್ದು ಅನ್ನೋದನ್ನ ಹೇಳ್ತಾರೆ, ಅವ್ರ ಮನೇಲಿ ಅದನ್ನ ಹೇಗೆ ಮಾಡ್ತಾರೆ ಅನ್ನೋದನ್ನೂ ಹೇಳ್ತಾರೆ.

ಮೂರನೇದು ಸ್ವಲ್ಪ ಸೂಕ್ಷ್ಮ, ಆದ್ರೂ ಕೇಳ್ಲೇಬೇಕು. ಈ ಕರಾವಳಿಯಲ್ಲಿ ಅಡುಗೆ ಬದಲಾಗೋದು ಊರಿಂದ ಊರಿಗಿಂತ ಜಾಸ್ತಿ ಮನೆಯಿಂದ ಮನೆಗೆ, ಅಂದ್ರೆ ಸಮುದಾಯದಿಂದ ಸಮುದಾಯಕ್ಕೆ. ಸಾರಸ್ವತರ ಮೀನು ಸಾರಿನ ರುಚಿ ಬೇರೆ, ಹರಿಕಂತ್ರರ, ಖಾರ್ವಿಗಳ ಮನೆ ಸಾರು ಬೇರೆ, ಅಂಕೋಲೆ ಕಡೆ ನಾಡವರ ಕೋಳಿ ಸಾರು ವಡೆ ಬೇರೆ, ಕ್ರಿಶ್ಚನ್ನರ ಮನೆ ಅಡುಗೆ ಬೇರೆ, ದಕ್ಷಿಣಕ್ಕೆ ಭಟ್ಕಳಕ್ಕೆ ಹೋದ್ರೆ ನವಾಯತರ ಬಿರಿಯಾನಿ, ಅದ್ರಲ್ಲೂ ಶಾವಿಗೆ ಬಿರಿಯಾನಿ ಅಂತ ಒಂದು ಬೇರೇನೇ ಲೋಕ. ಗೈಡ್ ಆದವ್ರು ತಮ್ಮ ಮನೆ ರುಚಿಯೊಂದನ್ನೇ "ಕಾರವಾರದ ಊಟ" ಅಂತ ತೋರ್ಸಿ ಮುಗಿಸ್ಬಾರ್ದು. ಕಡೇಪಕ್ಷ ಎರಡು ತರದ ಅಡುಗೆಮನೆ ರುಚಿ ಸಿಗತ್ತಾ ಅಂತ ಮೊದ್ಲೇ ಕೇಳ್ಕೊಳ್ಳಿ.

ಇನ್ನು ದಿನ ಆರಿಸೋದು. ಇದ್ರಲ್ಲಿ ತಪ್ಪಿದ್ರೆ ಎಂಥಾ ಗೈಡ್ ಇದ್ರೂ ಏನೂ ಮಾಡೋಕಾಗಲ್ಲ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಬೋಟುಗಳು ಸಮುದ್ರಕ್ಕೆ ಇಳಿಯೋ ಹಾಗಿಲ್ಲ, ಮೀನು ಮರಿ ಹಾಕೋ ಕಾಲ ಅಂತ. ಆ ಟೈಮಲ್ಲಿ ಬಂದು "ಎಲ್ಲಿ ಇಸ್ವಾಣ" ಅಂದ್ರೆ ಐಸ್‌ನಲ್ಲಿ ದೂರದಿಂದ ಬಂದಿದ್ದು ಸಿಗತ್ತೆ. ಆದ್ರೆ ಮಳೆಗಾಲ ಪೂರ್ತಿ ವೇಸ್ಟ್ ಅಂತ ನಾನು ಹೇಳಲ್ಲ. ಕಾಳಿ ನದಿಯ ಹಿನ್ನೀರಿನ ಮೀನು, ಶೆಟ್ಲಿ ಅಂದ್ರೆ ಸಿಗಡಿ, ಸಣ್ಣ ದೋಣಿಯವ್ರು ದಡದ ಹತ್ರನೇ ಹಿಡಿದಿದ್ದು, ಮತ್ತೆ ಬೇಸಿಗೇಲಿ ಒಣಗಿಸಿಟ್ಟ ಒಣಮೀನು, ಇದೇ ಆ ಎರಡು ತಿಂಗಳ ನಿಜವಾದ ಊಟ. ಸುಟ್ಟ ಒಣ ಬಂಗಡೆ, ಕುಚಲಕ್ಕಿ ಗಂಜಿ, ಹೊರಗೆ ಧೋ ಅಂತ ಮಳೆ. ಇದನ್ನ ತಿನ್ನೋಕೇ ಜುಲೈನಲ್ಲಿ ಬರೋರು ಇದಾರೆ, ಅವ್ರ ಬುದ್ಧಿಗೆ ನನ್ನ ಮೆಚ್ಚುಗೆ ಇದೆ. ಆದ್ರೆ ನಡ್ಕೊಂಡು ತಿರುಗೋದು ಕಷ್ಟ, ಅರ್ಧ ದಿನ ಅಂಗ್ಡಿ ಮಾಡಿನ ಕೆಳಗೇ ನಿಂತಿರ್ತೀರಿ.

ಮೊದಲ ಸಲ ಬರೋರಿಗೆ ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಸಮಾ. ವಾರದ ದಿನ ಅಂದ್ರೆ ಭಾನುವಾರ, ಕಾರವಾರದ ಸಂತೆ ಅವತ್ತೇ, ಘಟ್ಟದ ಮೇಲಿಂದ ತರಕಾರಿ ಬರತ್ತೆ, ಸುತ್ತಲಿನ ಹಳ್ಳಿಯ ಹೆಂಗಸ್ರು ಸೊಪ್ಪು, ಗೆಡ್ಡೆ, ಹೂವು ಹಿಡ್ಕೊಂಡು ಬಂದು ಕೂತಿರ್ತಾರೆ, ಕೊರಳ ತುಂಬಾ ಮಣಿಸರ ಹಾಕಿರೋ ಹಾಲಕ್ಕಿ ಸಮುದಾಯದ ಅಜ್ಜಿಯರೂ ಸಿಗ್ತಾರೆ. ಭಾನುವಾರ ಮೀನಿಗೆ ರಶ್ಶೂ ಜಾಸ್ತಿ ರೇಟೂ ಜಾಸ್ತಿ. ಸೋಮವಾರ ಬೇಡ, ತುಂಬಾ ಮನೇಲಿ ಅವತ್ತು ಮೀನು ತಿನ್ನಲ್ಲ, ಮಾರ್ಕೆಟ್ ಸಪ್ಪೆ ಇರತ್ತೆ. ಶ್ರಾವಣದಲ್ಲೂ ಹಾಗೇ. ಅಂದ್ರೆ ಮೀನು ಇರಲ್ಲ ಅಂತಲ್ಲ, ಮನೆ ಊಟಕ್ಕೆ ಕರೆಯೋರು ಸಿಗಲ್ಲ. ಅದೇ ನೀವು ಸಸ್ಯಾಹಾರಿ ಆಗಿದ್ರೆ ಶ್ರಾವಣವೇ ಒಳ್ಳೇದು, ಹಬ್ಬದ ಅಡುಗೆ ಎಲ್ಲಾ ಆಗ್ಲೇ.

ದುಡ್ಡಿನ ವಿಷ್ಯ ಬೇಗ ಹೇಳಿ ಮುಗಿಸ್ತೀನಿ. ಗೈಡಿಗೆ ಕೊಡೋದು ಎಷ್ಟು, ಅದ್ರಲ್ಲಿ ತಿಂಡಿ ಊಟದ ಖರ್ಚು ಸೇರಿದ್ಯಾ, ಆಟೋ ಬೇಕಾದ್ರೆ ಯಾರು ಕೊಡೋದು, ಮನೆ ಊಟ ಇದ್ರೆ ಆ ಮನೆಯವ್ರಿಗೆ ಬೇರೆ ಕೊಡ್ಬೇಕಾ, ಇದನ್ನೆಲ್ಲಾ ಹಿಂದಿನ ದಿನಾನೇ ವಾಟ್ಸಾಪ್‌ನಲ್ಲಿ ಬರ್ಸ್ಕೊಂಡು ಬಿಡಿ, ಸಂಕೋಚ ಬೇಡ. ಚಿಲ್ಲರೆ ಇಟ್ಕೊಳ್ಳಿ. ಅಂಗ್ಡಿಗಳಲ್ಲಿ ಫೋನ್‌ಪೇ ನಡೆಯತ್ತೆ, ಸಂತೆಲಿ ನೆಲದ ಮೇಲೆ ಕೂತ ಅಜ್ಜಿಗೆ ಹತ್ತು ರೂಪಾಯಿ ಸೊಪ್ಪಿಗೆ ಐನೂರರ ನೋಟು ಕೊಟ್ರೆ ಅವ್ರು ಬೈಯ್ಯೋದ್ರಲ್ಲಿ ತಪ್ಪಿಲ್ಲ. ಗುಂಪು ಆರು ಜನಕ್ಕಿಂತ ಜಾಸ್ತಿ ಬೇಡ, ಮೀನು ಮಾರ್ಕೆಟ್ಟಿನ ಸಾಲಿನ ಮಧ್ಯೆ ಹನ್ನೆರಡು ಜನ ನಿಂತ್ರೆ ವ್ಯಾಪಾರ ನಿಲ್ಲತ್ತೆ.

ಈಗ ಬೆಳಿಗ್ಗೆ. ರೈಲಲ್ಲಿ ಬರೋರು ನೆನಪಿಟ್ಕೊಳ್ಳಿ, ಕಾರವಾರ ಸ್ಟೇಶನ್ ಇರೋದು ಶಿರವಾಡದಲ್ಲಿ, ಪೇಟೆಯಿಂದ ದೂರ, ಆಟೋ ಮಾಡ್ಬೇಕು. ಹಾಗಾಗಿ ಹಿಂದಿನ ರಾತ್ರಿನೇ ಬಂದು ಪೇಟೇಲಿ ಉಳ್ಕೊಳ್ಳಿ. ಟೀ ಒಂದು ಕುಡ್ದು ಹೊರಡಿ, ತಿಂಡಿ ತಿನ್ಬೇಡಿ.

ಬೆಳಕು ಹರಿಯೋ ಹೊತ್ತಿಗೆ ಮೊದ್ಲು ಕಡಲ ದಂಡೆಗೆ. ಟ್ಯಾಗೋರ್ ಬೀಚ್ ಅಂತ ಹೆಸ್ರು, ರವೀಂದ್ರನಾಥ ಟ್ಯಾಗೋರರು ಇಪ್ಪತ್ತು ದಾಟಿದ ಹರೆಯದಲ್ಲಿ ಇಲ್ಲಿ ಅಣ್ಣನ ಮನೇಲಿ ಬಂದು ಉಳ್ಕೊಂಡಿದ್ರು, ಅಣ್ಣ ಇಲ್ಲಿ ಜಡ್ಜ್ ಆಗಿದ್ರು. ಗೈಡ್ ಇದನ್ನ ಹೇಳೇ ಹೇಳ್ತಾರೆ, ಕೇಳಿ. ಅದಾದ್ಮೇಲೆ ಬಲೆ ಎಳೆಯೋರು ಇದಾರಾ ನೋಡಿ. ರಂಪಣಿ ಅಂತ ದಡದಿಂದ ಬೀಸೋ ದೊಡ್ಡ ಬಲೆ, ಎರಡೂ ತುದಿ ಹಿಡ್ಕೊಂಡು ಹತ್ತಾರು ಜನ ಎಳೀಬೇಕು, ಹಿಂದೆ ಈ ಕರಾವಳಿ ಪೂರ್ತಿ ಇದ್ರ ಮೇಲೇ ಬದುಕಿದ್ದು. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದು ಬಂಗಡೆ, ತಾರ್ಲೆ ಹಿಂಡನ್ನ ಆಳದಲ್ಲೇ ಸುತ್ತುಹಾಕಿ ಹಿಡಿಯೋಕೆ ಶುರು ಮಾಡಿದ್ಮೇಲೆ ದಡಕ್ಕೆ ಬರೋ ಮೀನು ಕಡಿಮೆಯಾಯ್ತು, ರಂಪಣಿನೂ ಕಡಿಮೆಯಾಯ್ತು. ಈಗ ಸಣ್ಣ ಬಲೆ ಎಳೆಯೋದು ಸಿಕ್ರೆ ನಿಮ್ಮ ಅದೃಷ್ಟ. ಸಿಕ್ರೆ ಸುಮ್ನೆ ವಿಡಿಯೋ ಮಾಡ್ತಾ ನಿಲ್ಬೇಡಿ, ಗೈಡ್ ಹತ್ರ ಕೇಳಿಸಿ ಹಗ್ಗಕ್ಕೆ ಕೈ ಕೊಡಿ, ಆಮೇಲೆ ಫೋಟೋ ಕೇಳಿದ್ರೆ ಯಾರೂ ಬೇಡ ಅನ್ನಲ್ಲ.

ಅಲ್ಲಿಂದ ಮೀನು ಮಾರ್ಕೆಟ್. ಇಲ್ಲಿ ಅವಸರ ಮಾಡ್ಬೇಡಿ, ಇಡೀ ವಾಕ್‌ನಲ್ಲಿ ದೊಡ್ಡ ಪಾಠ ಇಲ್ಲೇ ಇರೋದು. ಗೈಡ್ ಹತ್ರ ಮೊದ್ಲು ಹೆಸ್ರು ಹೇಳಿಸ್ಕೊಳ್ಳಿ, ಬಂಗಡೆ, ತಾರ್ಲೆ, ಇಸ್ವಾಣ, ಪಾಪ್ಲೆಟ್, ನೊಗ್ಲಿ, ಶೆಟ್ಲಿ, ಕುರ್ಲಿ ಅಂದ್ರೆ ಏಡಿ. ಆಮೇಲೆ ಬಂಗಡೆ ಒಂದನ್ನ ತಗೊಂಡು ತಾಜಾ ಹೌದೋ ಅಲ್ವೋ ನೋಡೋದು ಕಲಿಸಿ ಅನ್ನಿ. ಕಣ್ಣು ಉಬ್ಬಿ ತಿಳಿಯಾಗಿರ್ಬೇಕು, ಕಿವಿರು ಎತ್ತಿದ್ರೆ ಕೆಂಪು ಇರ್ಬೇಕು, ಬೆರಳಲ್ಲಿ ಒತ್ತಿ ಬಿಟ್ರೆ ಗುಳಿ ಉಳೀಬಾರ್ದು. ಬಂಗಡೆಗೆ ಇದು ಯಾಕೆ ಇಷ್ಟು ಮುಖ್ಯ ಅಂದ್ರೆ ಐಸ್ ಇಲ್ದೆ ಬಿಸಿಲಲ್ಲಿ ಕೂತ ಬಂಗಡೆ, ತಾರ್ಲೆ, ಸೂರೆ (ಟ್ಯೂನಾ) ಜಾತಿಯ ಮೀನಲ್ಲಿ ಹಿಸ್ಟಮೀನ್ ಅನ್ನೋದು ಬೆಳೆಯತ್ತೆ, ಅದು ಎಷ್ಟು ಕುದಿಸಿದ್ರೂ ಹುರಿದ್ರೂ ಹೋಗಲ್ಲ, ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪಾಗಿ ಮೈ ತುರಿಸಿ ತಲೆನೋವು ಬರತ್ತೆ, ಜನ ಅಲರ್ಜಿ ಅಂದ್ಕೋತಾರೆ. ತೆಳ್ಳಗಿನ ಸಣ್ಣ ಮೀನು ಎಷ್ಟು ಚಂದ ಇದ್ರೂ ಹನ್ನೊಂದು ಗಂಟೆ ಮೇಲೆ ಬಿಸಿಲಲ್ಲಿ ಇಟ್ಟಿದ್ದು ಮುಟ್ಬೇಡಿ.

ಚಿಪ್ಪಿನ ವಿಷ್ಯನೂ ಕೇಳಿ. ಬೆಳಚು ಅಂತೀವಿ, ಕೊಂಕಣಿಯವ್ರು ತಿಸರೆ ಅಂತಾರೆ. ಕಾಳಿ ನದಿ, ಕುಮಟೆ ಹತ್ರದ ಅಘನಾಶಿನಿ ಅಳಿವೆ, ಇಲ್ಲಿ ನೀರು ಇಳಿದಾಗ ಕೆಸರಲ್ಲಿ ಬಗ್ಗಿ ಆರಿಸ್ತಾರೆ. ಇಳಿತ ದಿನಾ ಒಂದೇ ಹೊತ್ತಿಗೆ ಆಗಲ್ಲ, ಪ್ರತಿದಿನ ಮುಕ್ಕಾಲು ಗಂಟೆಗೂ ಸ್ವಲ್ಪ ಜಾಸ್ತಿನೇ ಮುಂದಕ್ಕೆ ಹೋಗತ್ತೆ, ಅದಕ್ಕೇ ಚಿಪ್ಪಿ ಮಾರ್ಕೆಟ್ಟಿಗೆ ಬರೋ ಹೊತ್ತೂ ದಿನಾ ಬದಲು. ಒಳ್ಳೆ ಗೈಡಿಗೆ ಇವತ್ತಿನ ಇಳಿತ ಎಷ್ಟು ಗಂಟೆಗೆ ಅನ್ನೋದು ಬಾಯಲ್ಲೇ ಇರತ್ತೆ. ಬಾಯಿ ತೆರೆದುಕೊಂಡೇ ಇರೋ ಚಿಪ್ಪಿ ತಟ್ಟಿದ್ರೂ ಮುಚ್ಚಲ್ಲ ಅಂದ್ರೆ ಸತ್ತಿದೆ ಅಂತ ಅರ್ಥ, ಅದನ್ನ ಬಿಡಿ.

ಮಾರ್ಕೆಟ್ಟಲ್ಲಿ ಮೀನು ಕೊಂಡು ಗೈಡ್ ಗೊತ್ತಿರೋ ಖಾನಾವಳಿ ಅಥ್ವಾ ಮನೆಗೆ ಕೊಟ್ಟು ಮಧ್ಯಾಹ್ನಕ್ಕೆ ಮಾಡಿಸ್ಕೊಳ್ಳೋದು ನನ್ನ ಪ್ರಕಾರ ಈ ವಾಕ್‌ನ ಸರಿಯಾದ ದಾರಿ. ಎಲ್ಲರೂ ಒಪ್ಪಲ್ಲ, ಅದಕ್ಕೇ ಹಿಂದಿನ ದಿನ ಮಾತಾಡಿಟ್ಟಿರ್ಬೇಕು. ಆರಿಸುವಾಗ ದುಬಾರಿ ಮೀನಿನ ಹಿಂದೆ ಬೀಳ್ಬೇಡಿ. ಪಾಪ್ಲೆಟ್ ಮುಂಬೈಲೂ ಸಿಗತ್ತೆ ದುಬೈಲೂ ಸಿಗತ್ತೆ. ಕಾರವಾರದ ರುಚಿ ಇರೋದು ಬಂಗಡೆ ಹುಮಣದಲ್ಲಿ, ಅಂದ್ರೆ ತೆಂಗಿನಕಾಯಿ ಅರೆದು ಮಾಡೋ ಮೀನು ಸಾರಲ್ಲಿ, ತೆಪ್ಪಲ್ ಹಾಕಿದ್ದು. ತೆಪ್ಪಲ್ ಅಂದ್ರೆ ಮುಳ್ಳಿನ ಮರದ ಸಣ್ಣ ಕಾಯಿ, ಘಟ್ಟದ ಮೇಲಿನವ್ರು ಜುಮ್ಮನಕಾಯಿ ಅಂತಾರೆ, ನಾಲಿಗೆ ಜುಂ ಅನ್ನಿಸತ್ತೆ, ಬಂಗಡೆಯ ಎಣ್ಣೆ ವಾಸನೆನ ಹಿಡಿದು ಕೂರಿಸತ್ತೆ. ಬೀಜ ತೆಗೆದು ಸಿಪ್ಪೆ ಅಷ್ಟೇ ಜಜ್ಜಿ ಹಾಕೋದು, ಊಟ ಮಾಡುವಾಗ ಅದನ್ನ ಅಗಿಯೋ ಹಾಗಿಲ್ಲ, ಬದಿಗಿಡಿ.

ಮಾರ್ಕೆಟ್ ಮುಗಿಯೋ ಹೊತ್ತಿಗೆ ಹಸಿವು ಸಮಾ ಆಗಿರತ್ತೆ. ಈಗ ಹಳೇ ಸಣ್ಣ ಹೋಟೆಲ್‌ಗಳು, ಮರದ ಬೆಂಚಿನವು. ಬನ್ಸ್ ತಗೊಳ್ಳಿ, ಬಾಳೆಹಣ್ಣು ಕಲಸಿದ ಮೈದಾ ಹಿಟ್ಟು ಹುಳಿಬರಿಸಿ ಲಟ್ಟಿಸಿ ಕರಿದಿದ್ದು, ಸ್ವಲ್ಪ ಸಿಹಿ, ಜೊತೆಗೆ ಖಾರದ ಚಟ್ನಿ. ಆಮೇಲೆ ಪಾವ್ ಭಾಜಿ, ಮುಂಬೈ ತರದ್ದಲ್ಲ, ಇದು ಪಾತಳ ಭಾಜಿ, ಬಟಾಣಿ ಅಥ್ವಾ ಆಲೂಗಡ್ಡೆದು ತೆಳ್ಳಗಿನ ರಸ, ಅದ್ರಲ್ಲಿ ಪಾವ್ ಅದ್ದಿ ತಿನ್ನೋದು. ಗೋವಾ ಗಡಿ ಮಾಜಾಳಿ ದಾಟಿದ್ರೆ ಸಿಕ್ತು, ಬೇಕರಿ ಅಭ್ಯಾಸ ಅಲ್ಲಿಂದ ಇಲ್ಲಿಗೆ ಬಂದು ಮನೆಯದೇ ಆಗ್ಬಿಟ್ಟಿದೆ. ಗಡಿ ಹತ್ರ ಅಂತ ಬಾಟ್ಲಿ ತರೋ ಪ್ಲಾನ್ ಇದ್ರೆ ಬಿಡಿ, ಮಾಜಾಳಿ ಚೆಕ್‌ಪೋಸ್ಟ್ ಇರೋದು ಅದಕ್ಕೇ. ಒಂದು ಪ್ಲೇಟ್ ಇಬ್ಬರು ಮೂವರು ಹಂಚ್ಕೊಳ್ಳಿ. ಇದು ಪ್ರತಿ ಫುಡ್ ವಾಕ್‌ನಲ್ಲೂ ಹೇಳ್ತಾರೆ ಯಾರೂ ಕೇಳಲ್ಲ, ಬನ್ಸ್ ರುಚಿ ಹತ್ತಿ ಮೂರು ತಿಂದವ್ರು ಮಧ್ಯಾಹ್ನ ಹುಮಣ ಬಂದಾಗ ಎಲೆ ಮುಂದೆ ಸುಮ್ನೆ ಕೂತಿರ್ತಾರೆ.

ಅಲರ್ಜಿ ಇರೋರು ಗಮನ ಕೊಡಿ. ಶೆಟ್ಲಿ, ಕುರ್ಲಿ ಆಗಲ್ಲ ಅನ್ನೋರು ಬರೀ ಅದನ್ನ ಬಿಟ್ರೆ ಸಾಲದು, ಒಣ ಶೆಟ್ಲಿ ಚಟ್ನಿಯಲ್ಲೂ ಇರತ್ತೆ, ಕಿಸ್ಮೂರ್ ಅಂತ ತೆಂಗಿನತುರಿ ಜೊತೆ ಕಲಸಿ ಎಲೆ ತುದಿಗೆ ಹಾಕ್ತಾರೆ, ನೋಡಿದ್ರೆ ಗೊತ್ತಾಗಲ್ಲ. ಮೀನು ಹುರಿಯೋ ಕಾವಲಿಯೂ ಒಂದೇ ಇರತ್ತೆ. ಪೂರ್ತಿ ಸಸ್ಯಾಹಾರಿಗಳು ಕಾರವಾರದ ಮಧ್ಯಾಹ್ನದ ಊಟಕ್ಕೆ ಬೇರೆ ಹೋಟೆಲ್ ಗೊತ್ತು ಮಾಡ್ಕೊಳ್ಳಿ, ಅಥ್ವಾ ನೇರ ಶಿರಸಿಗೆ ಹೋಗಿ.

ಮಧ್ಯಾಹ್ನ ಊಟಕ್ಕೆ ಸೋಲ್‌ಕಡಿ ಕೇಳಿ. ಮುರುಗಲು, ಅಂದ್ರೆ ಕೋಕಂ, ನೆನೆಸಿ ಹಿಂಡಿ ತೆಂಗಿನಹಾಲು ಬೆರೆಸಿದ್ದು, ನಸುಗೆಂಪು ಬಣ್ಣ. ತುಂಬಾ ಗುಲಾಬಿ ಇದ್ರೆ ಬೀಟ್‌ರೂಟ್ ಬಿದ್ದಿದೆ ಅಂತ ಅನುಮಾನ ಪಡಿ. ಊಟದ ಮಧ್ಯೆ ಅನ್ನಕ್ಕೆ ಹಾಕ್ಕೊಳ್ಳಿ, ಕೊನೆಗೆ ಕುಡೀರಿ, ಎರಡೂ ನಡೆಯತ್ತೆ. ಇಷ್ಟಾದ್ಮೇಲೆ ನಡಿಯೋಕೆ ಯಾರಿಗೂ ಆಗಲ್ಲ, ವಾಕ್ ಅಲ್ಲಿಗೇ ಮುಗೀತು ಅಂತ ಇಟ್ಕೊಳ್ಳಿ.

ಶಿರಸಿ ವಾಕ್ ಬೇರೆ ತರ. ರೈಲಿಲ್ಲ, ಕುಮಟೆಯಲ್ಲಿ ಇಳಿದು ದೇವಿಮನೆ ಘಟ್ಟ ಹತ್ತಿ ಬರ್ಬೇಕು ಅಥ್ವಾ ಹುಬ್ಬಳ್ಳಿಯಿಂದ ಬಸ್. ಮಂಗಳವಾರ ಬಂದ್ರೆ ಸಂತೆ ಸಿಗತ್ತೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ, 2024ರಲ್ಲಿ ಆಯ್ತು, 2026, ಹೀಗೆ ಸಮ ಸಂಖ್ಯೆ ವರ್ಷ ಫೆಬ್ರವರಿ-ಮಾರ್ಚ್ ಹೊತ್ತಿಗೆ, ಒಂಬತ್ತು ದಿನ. ಜಾತ್ರೇಲಿ ತಿನ್ನೋಕೆ ಬೇಕಾದಷ್ಟು ಇರತ್ತೆ, ಆದ್ರೆ ಫುಡ್ ವಾಕ್‌ಗೆ ಅದು ಕಾಲ ಅಲ್ಲ, ಆ ಜನಜಂಗುಳೀಲಿ ಗೈಡ್ ಕಳೆದುಹೋಗ್ತಾರೆ.

ಇಲ್ಲಿ ಪೇಟೆಯಲ್ಲಿ ನಡೆಯೋದು ಒಂದೆರಡು ತಾಸು ಸಾಕು. ದೇವಿಕೆರೆ ಕಡೆಯಿಂದ ಹೊರಟು ಸಿ.ಪಿ. ಬಜಾರ್ ಸುತ್ತಿ, ದಿನಸಿ ಅಂಗ್ಡಿಗಳಲ್ಲಿ ಹಪ್ಪಳ, ಮಾವಿನ ಮಿಡಿ, ಉಪ್ಪಾಗೆ ಅನ್ನೋ ಹುಳಿಕಾಯಿ, ಕಾಳುಮೆಣಸು ನೋಡ್ಕೊಂಡು ಮಾರಿಗುಡಿ ತನಕ. ಅಡಿಕೆ ವ್ಯಾಪಾರ ನೋಡೋ ಆಸೆ ಇದ್ರೆ ಗೈಡ್ ಹತ್ರ ಮೊದ್ಲೇ ಹೇಳಿ, 1923ರಲ್ಲಿ ಶುರುವಾದ ತೋಟಗಾರರ ಸೇಲ್ ಸೊಸೈಟಿ ಇಲ್ಲಿನ ದೊಡ್ಡ ಹೆಸ್ರು, ಶಿರಸಿ ಸುಪಾರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದ್ರೆ ಇದು ಈ ಊರಿನದೇ ಅನ್ನೋ ಅಧಿಕೃತ ಗುರುತು, ಬಂತು. ಕವಳ ಹಾಕಿ ಅಂತ ಯಾರಾದ್ರೂ ತಟ್ಟೆ ಮುಂದಿಟ್ರೆ ಎಲೆ ಅಡಿಕೆ ಸುಣ್ಣಕ್ಕೆ ನಿಲ್ಸಿ, ತಂಬಾಕು ಎಸಳು ಅಭ್ಯಾಸ ಇಲ್ದವ್ರು ಬಾಯಿಗಿಟ್ರೆ ಅಲ್ಲೇ ತಲೆ ತಿರುಗತ್ತೆ.

ಆದ್ರೆ ಶಿರಸಿಯ ಅಸಲಿ ಸಂಗತಿ ಪೇಟೆಯ ಹೊರಗೆ, ತೋಟದ ಮಧ್ಯದ ಹವ್ಯಕರ ಮನೆಯ ಊಟ. ಇದಕ್ಕೆ ಕಡೇಪಕ್ಷ ಎರಡು ದಿನ ಮುಂಚೆ ಹೇಳ್ಬೇಕು, ಎಷ್ಟು ಜನ ಅನ್ನೋದು ಸರಿಯಾಗಿ ಹೇಳ್ಬೇಕು. ಒಳಗೆ ಕಾಲಿಟ್ಟ ಕೂಡ್ಲೆ "ಆಸರಿಗೆ ಏನು ಕೊಡ್ಲಿ" ಅಂತಾರೆ, ಮಜ್ಜಿಗೆ, ಕೋಕಂ, ಬೆಲ್ಲ ನೀರು, ಜೀರಿಗೆ ಕಷಾಯ, ಏನಾದ್ರೂ ಒಂದು ಒಪ್ಕೊಳ್ಳಿ, ಬೇಡ ಅಂದ್ರೆ ಅವ್ರಿಗೆ ಬೇಜಾರು. ಊಟದಲ್ಲಿ ತಂಬುಳಿ, ಹಶಿ ಅನ್ನೋ ಮೊಸರು ಪಚಡಿ, ಗೊಜ್ಜು, ಪಲ್ಯ ಎಲ್ಲಾ ಬರತ್ತೆ. ಕಾಲ ನೋಡಿ ಕೇಳಿ ಅಷ್ಟೇ. ಮಳೆಗಾಲದಲ್ಲಿ ಕೆಸುವಿನೆಲೆಯ ಪತ್ರೊಡೆ ಮತ್ತೆ ಕಳಲೆ, ಅಂದ್ರೆ ಎಳೆ ಬಿದಿರು. ಕೆಸುವಿನೆಲೆಗೆ ಹುಳಿ ಸರಿಯಾಗಿ ಬೀಳದಿದ್ರೆ ಗಂಟಲು ತುರಿಸತ್ತೆ, ಕಳಲೆನ ಹೆಚ್ಚಿ ನೀರಲ್ಲಿ ನೆನೆಹಾಕಿ ದಿನಾ ನೀರು ಬದಲಾಯಿಸಿ ವಿಷ ಹೋಗೋ ತನಕ ಇಡ್ಬೇಕು, ಅದಕ್ಕೇ ಇವೆರಡನ್ನ ಕೈಪಳಗಿದ ಮನೇಲೇ ತಿನ್ನಿ. ಜನವರಿಯಿಂದ ಮಾರ್ಚ್ ಒಳಗೆ ಬಂದ್ರೆ ಆಲೆಮನೆ, ಕಬ್ಬಿನಹಾಲು ಬೇಕಾದಷ್ಟು ಕುಡೀರಿ, ಜೊತೆಗೆ ಖಾರ ಮಂಡಕ್ಕಿ ಇಲ್ದಿದ್ರೆ ಎರಡನೇ ಲೋಟ ಹೋಗಲ್ಲ. ಬಿಸಿ ಬೆಲ್ಲನ ಮಾತ್ರ ಆಸೆಗೆ ಬಿದ್ದು ಬೆರಳು ಹಾಕಿ ನೆಕ್ಬೇಡಿ, ಅದು ನೀರಿಗಿಂತ ಎಷ್ಟೋ ಜಾಸ್ತಿ ಕಾದಿರತ್ತೆ, ಅಂಟ್ಕೊಂಡ್ರೆ ಬಿಡಲ್ಲ.

ತೊಡದೇವು ಮಾಡೋದು ನೋಡ್ಬೇಕು ಅಂತ ಗೈಡಿಗೆ ಹೇಳಿ. ಮಡಕೆನ ಬೋರಲು ಹಾಕಿ ಅಡಿಗೆ ಬೆಂಕಿ, ಕಬ್ಬಿನಹಾಲಲ್ಲಿ ಕಲಸಿದ ಅಕ್ಕಿಹಿಟ್ಟನ್ನ ಬಟ್ಟೆ ಅದ್ದಿ ಮಡಕೆ ಬೆನ್ನ ಮೇಲೆ ಒಂದೇ ಎಳೆತ, ಕ್ಷಣದಲ್ಲಿ ಕಾಗದದಷ್ಟು ತೆಳ್ಳಗೆ ಎದ್ದು ಬರತ್ತೆ, ಬಿಸಿ ಇರುವಾಗ್ಲೇ ಮಡಚ್ಬೇಕು. ಪ್ಯಾಕೆಟಿನದು ಎಲ್ಲಾ ಕಡೆ ಸಿಗತ್ತೆ, ಅದನ್ನ ತುಪ್ಪ ಹಾಕಿ ತಿಂದ್ರೂ ಅಡ್ಡಿಲ್ಲ, ಆದ್ರೆ ಮಡಕೆಯಿಂದ ನೇರ ಕೈಗೆ ಬಂದಿದ್ದೇ ಬೇರೆ.

ಅಪ್ಪೆಹುಳಿ ಬಗ್ಗೆ ಒಂದು ಎಚ್ಚರಿಕೆ. ಅಪ್ಪೆಮಿಡಿ ಬೇಯಿಸಿ ಕಿವುಚಿ ನೀರು ನೀರಾಗಿ ಮಾಡಿ ಇಂಗು ಮೆಣಸಿನ ಒಗ್ಗರಣೆ ಕೊಟ್ಟಿದ್ದು, ಅನ್ನಕ್ಕೆ ಕಲಸೋದಕ್ಕಿಂತ ಲೋಟದಲ್ಲಿ ಕುಡಿಯೋದೇ ಜಾಸ್ತಿ. ಎರಡು ಲೋಟ ಏರಿಸಿದ್ರೆ ನಿದ್ದೆ ಎಳೆಯತ್ತೆ ಅಂತ ಊರೆಲ್ಲಾ ಹೇಳ್ತಾರೆ, ಗಾಡಿ ಓಡ್ಸೋರು ಮಾತ್ರ ಒಂದಕ್ಕೆ ನಿಲ್ಸಿ. ಇನ್ನು ಬಡಿಸೋರು "ಇನ್ನೊಂದ್ ಚೂರು" ಅಂತ ಬರ್ತಾನೇ ಇರ್ತಾರೆ, ಬಾಯಲ್ಲಿ ಬೇಡ ಅಂದ್ರೆ ಅದನ್ನ ಬೇಕು ಅಂತ ತಿಳ್ಕೋತಾರೆ, ಎರಡೂ ಕೈ ಎಲೆ ಮೇಲೆ ಅಡ್ಡ ಹಿಡೀಬೇಕು. ಮನೆಯವ್ರಿಗೆ ದುಡ್ಡು ಕೊಡೋದು ಗೈಡ್ ಮೂಲಕ ಆಗ್ಲಿ, ಎಲೆ ಎತ್ತುವಾಗ ಪರ್ಸ್ ತೆಗೆದ್ರೆ ಚಂದ ಕಾಣಲ್ಲ.

ಕೊಂಡ್ಕೊಂಡು ಹೋಗೋ ಸಾಮಾನು. ಜೋನಿಬೆಲ್ಲ, ಅಂದ್ರೆ ನೀರಾಗಿರೋ ಬೆಲ್ಲ, ತಗೊಳ್ಳಿ, ದೋಸೆಗೆ ತುಪ್ಪದ ಜೊತೆ ಅದಕ್ಕಿಂತ ಒಳ್ಳೇದು ನನಗೆ ಗೊತ್ತಿಲ್ಲ, ಡಬ್ಬಿ ಪೂರ್ತಿ ತುಂಬಿಸ್ಬೇಡಿ, ಪ್ರಯಾಣದಲ್ಲಿ ಹುಳಿ ಬಂದು ಉಕ್ಕಿದ್ರೆ ಬ್ಯಾಗ್ ಹೋಯ್ತು. ಕೋಕಂ ಕೊಳ್ಳುವಾಗ ಅಡುಗೆಗಾ ಶರಬತ್ತಿಗಾ ಹೇಳಿ ತಗೊಳ್ಳಿ, ಉಪ್ಪು ಹಾಕಿ ಒಣಗಿಸಿದ ಸಿಪ್ಪೆ ಸಾರಿಗೆ, ಸಕ್ಕರೆ ಪಾಕದ್ದು ಕುಡಿಯೋಕೆ. ಮಿಡಿ ಉಪ್ಪಿನಕಾಯಿ ಮನೇಲಿ ಮಾಡಿದ್ದು ಸಿಕ್ರೆ ರೇಟು ಕೇಳ್ಬೇಡಿ, ಒಂದೊಂದು ಅಪ್ಪೆ ಮರಕ್ಕೂ ಅದ್ರದ್ದೇ ಪರಿಮಳ, ಹೊಳೆ ದಡದ ಮರ ಹತ್ತಿ ಒಂದೊಂದೇ ಕೊಯ್ದು ಸೊನೆ ಹೋಗದ ಹಾಗೆ ಇಳಿಸೋ ಕೆಲ್ಸ ಅದು. ಬೇಸಿಗೇಲಿ ಕರಾವಳಿ ದಾರಿ ಹಿಡಿದ್ರೆ ಕುಮಟೆ ಹತ್ರ ಹೈವೇ ಪಕ್ಕ ಗೊಂಚಲು ಕಟ್ಟಿ ನೇತಾಕಿರೋ ಸಿಹಿ ಈರುಳ್ಳಿ ಸಿಗತ್ತೆ, ಮೇ ಹೊತ್ತಿಗೆ ಅಂಕೋಲೆಯ ಕರಿ ಇಶಾಡ ಮಾವು, 2023ರಲ್ಲಿ ಜಿಐ ಸಿಕ್ಕಿದ್ದು. ಇಶಾಡದ ಸಿಪ್ಪೆ ತೆಳು, ಹೆಚ್ಚು ದಿನ ತಡೆಯಲ್ಲ, ಅದಕ್ಕೇ ದೂರದ ಊರಿನ ಮಾರ್ಕೆಟ್ಟಲ್ಲಿ ಕಾಣ್ಸೋದು ಕಡಿಮೆ, ಅರ್ಧ ಹಣ್ಣಾಗಿದ್ದು ತಗೊಂಡು ಮನೇಲಿ ಹುಲ್ಲಲ್ಲಿಡಿ.

ಒಣಮೀನು ಕೊಂಡ್ರೆ ಮೊದ್ಲು ಒಂದು ತುಂಡು ಮುರಿದು ನೋಡಿ, ಬಗ್ಗಿದ್ರೆ ಇನ್ನೂ ಒಣಗಿಲ್ಲ, ಎರಡು ವಾರಕ್ಕೆ ಬೂಸು ಬರತ್ತೆ. ಪ್ಲಾಸ್ಟಿಕ್ ಕವರ್ ಮೂರು ಸುತ್ತು ಸುತ್ತಿದ್ರೂ ವಾಸನೆ ನಿಲ್ಲಲ್ಲ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಮನೆಯಿಂದ್ಲೇ ತನ್ನಿ, ಮುಚ್ಚಳಕ್ಕೆ ಟೇಪ್ ಸುತ್ತಿ, ಸ್ಲೀಪರ್ ಬಸ್‌ ಆದ್ರೆ ಕೆಳಗಿನ ಡಿಕ್ಕಿಗೆ ಹಾಕ್ಸಿ, ಮೇಲೆ ಬರ್ತ್‌ಗೆ ತಗೊಂಡು ಹೋದ್ರೆ ದಾವಣಗೆರೆ ತನಕ ಪಕ್ಕದವ್ರ ಕೈಲಿ ಬೈಸ್ಕೊಳ್ತಾ ಹೋಗ್ಬೇಕಾಗತ್ತೆ.